ಟಿಟಿ ವ್ಯಾನಿಗೆ ಹೊಸ ಟೈರು: ಸದ್ದು ಕಡಿಮೆ, ಬಾಳಿಕೆ ಹೆಚ್ಚು ಇರುವುದನ್ನು ಆರಿಸುವ ಬಗೆ

ಟೆಂಪೊ ಟ್ರಾವೆಲರ್ (ಟಿಟಿ) ಇಟ್ಟುಕೊಂಡು ಪ್ರವಾಸದ ಬಾಡಿಗೆ ಮಾಡುವವರಿಗೆ ಟೈರು ಬದಲಿಸುವ ಕಾಲ ಬಂದಾಗ ಎರಡು ಪ್ರಶ್ನೆಗಳು ಒಟ್ಟಿಗೆ ಎದುರಾಗುತ್ತವೆ. ಹಾಕಿದ ಟೈರು ಎಷ್ಟು ಕಿಲೋಮೀಟರು ಬರುತ್ತದೆ ಎಂಬುದು ಮಾಲೀಕನ ಪ್ರಶ್ನೆ. ಹಿಂದಿನ ಸೀಟಿನಲ್ಲಿ ಕುಳಿತರೆ ಧರ್ಮಸ್ಥಳ ಮುಟ್ಟುವವರೆಗೂ ಈ ಗುಂಯ್ ಸದ್ದನ್ನು ಕೇಳಿಸಿಕೊಳ್ಳಬೇಕೇ ಎಂಬುದು ಪ್ರಯಾಣಿಕರ ಪ್ರಶ್ನೆ. ಎರಡೂ ಒಟ್ಟಿಗೆ ಸಿಗುವುದಿಲ್ಲ, ಮೆತ್ತಗಿನ ರಬ್ಬರಾದರೆ ಸದ್ದಿಲ್ಲ ಆದರೆ ಬೇಗ ಸವೆಯುತ್ತದೆ, ಗಟ್ಟಿ ರಬ್ಬರಾದರೆ ಬಾಳುತ್ತದೆ ಆದರೆ ಕೂಗುತ್ತದೆ ಎಂದು ಟೈರಿನ ಅಂಗಡಿಗಳಲ್ಲಿ ಹೇಳುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಎರಡು ಟಿಟಿಗಳನ್ನು ವರ್ಷಗಟ್ಟಲೆ ಓಡಿಸಿದ ಮೇಲೆ ನನಗೆ ಮನವರಿಕೆಯಾಗಿರುವುದೇನೆಂದರೆ, ಹೊಸದಾಗಿದ್ದಾಗ ಬಹುತೇಕ ಎಲ್ಲ ಒಳ್ಳೆಯ ಟೈರುಗಳೂ ಸಾಕಷ್ಟು ಮೌನವಾಗಿಯೇ ಇರುತ್ತವೆ. ಹತ್ತು ಹದಿನೈದು ಸಾವಿರ ಕಿಲೋಮೀಟರಿನ ನಂತರ ಕೂಗಲು ಶುರುಮಾಡುವುದು ಅಡ್ಡಾದಿಡ್ಡಿಯಾಗಿ ಸವೆದ ಟೈರು. ಸಮನಾಗಿ ಸವೆಯುವಂತೆ ಆರಿಸಿ, ಹಾಗೆಯೇ ನೋಡಿಕೊಂಡರೆ ಮೌನವೂ ಬಾಳಿಕೆಯೂ ಒಂದೇ ಟೈರಿನಲ್ಲಿ ಸಿಗುತ್ತವೆ. ಮುಂದಿನ ಹಂತಗಳೆಲ್ಲವೂ ಈ ಒಂದು ತಿಳಿವಳಿಕೆಯ ಸುತ್ತಲೇ ಇವೆ.

ಹಂತ 1: ಸದ್ದು ಟೈರಿನದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ

ಈ ಹಂತವನ್ನು ಬಿಟ್ಟವರು ದುಡ್ಡು ಕಳೆದುಕೊಳ್ಳುತ್ತಾರೆ. ಒಮ್ಮೆ ನನ್ನ ಹಳೆಯ ವ್ಯಾನು ಅರವತ್ತರ ವೇಗ ದಾಟಿದೊಡನೆ ಗುಂಯ್‌ಗುಡಲು ತೊಡಗಿದಾಗ, ಒಂದು ಗ್ಯಾರೇಜಿನವರ ಮಾತು ನಂಬಿ ಇನ್ನೂ ಅರ್ಧ ಆಯುಸ್ಸು ಉಳಿದಿದ್ದ ನಾಲ್ಕು ಟೈರುಗಳನ್ನು ತೆಗೆಸಿ ಹೊಸದನ್ನು ಹಾಕಿಸಿದೆ. ಸದ್ದು ಹಾಗೆಯೇ ಉಳಿಯಿತು. ಕೊನೆಗೆ ಸಿಕ್ಕಿಬಿದ್ದದ್ದು ಎಡ ಮುಂಚಕ್ರದ ಬೇರಿಂಗು.

ಪರೀಕ್ಷಿಸುವ ಕ್ರಮ ಕಷ್ಟದ್ದಲ್ಲ. ಡಾಂಬರು ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಹೋದಾಗ, ಅಥವಾ ಒರಟು ಡಾಂಬರಿನಿಂದ ನುಣುಪಾದ ಡಾಂಬರಿಗೆ ಬಂದಾಗ ಸದ್ದಿನ ಧ್ವನಿಯೇ ಬದಲಾದರೆ ಅದು ಟೈರಿನದು. ರಸ್ತೆ ಬದಲಾದರೂ ಧ್ವನಿ ಬದಲಾಗದೆ, ದೊಡ್ಡ ತಿರುವಿನಲ್ಲಿ ಮಾತ್ರ ಹೆಚ್ಚು ಕಡಿಮೆಯಾದರೆ ಬೇರಿಂಗನ್ನು ಸಂಶಯಿಸಬೇಕು. ವಾಹನ ಬಲಕ್ಕೆ ತಿರುಗುವಾಗ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುವುದರಿಂದ ಆಗ ಸದ್ದು ಏರಿದರೆ ಎಡಗಡೆಯ ಬೇರಿಂಗು, ಎಡಕ್ಕೆ ತಿರುಗುವಾಗ ಏರಿದರೆ ಬಲಗಡೆಯದು. ಆಕ್ಸಿಲರೇಟರ್ ಒತ್ತಿದಾಗ ಒಂದು ಧ್ವನಿ, ಕಾಲು ತೆಗೆದಾಗ ಇನ್ನೊಂದು ಧ್ವನಿ ಬರುತ್ತಿದ್ದರೆ ಕ್ರೌನು (ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರ) ಮತ್ತು ಪ್ರೊಪೆಲ್ಲರ್ ಶಾಫ್ಟಿನ ಕಡೆ ನೋಡಿಸಬೇಕು.

ಸದ್ದು ಟೈರಿನದೇ ಎಂದು ಗೊತ್ತಾದ ಮೇಲೆ, ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಟೈರಿನ ಬಟನ್ (ರಸ್ತೆಗೆ ತಾಗುವ ರಬ್ಬರಿನ ಉಬ್ಬು) ಮೇಲೆ ಅಂಗೈಯನ್ನು ಒಮ್ಮೆ ಅಡ್ಡಲಾಗಿ, ಒಮ್ಮೆ ಸುತ್ತಿನ ಉದ್ದಕ್ಕೆ ಆಡಿಸಿ ನೋಡಿ. ತಂತಿಯ ತುಂಡು ಹೊರಬಂದಿರಬಹುದಾದ್ದರಿಂದ ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳುವುದು ಒಳ್ಳೆಯದು. ಅಡ್ಡಲಾಗಿ ಒಳಗಿನಿಂದ ಹೊರಗೆ ಎಳೆದಾಗ ನುಣುಪಾಗಿದ್ದು, ಹೊರಗಿನಿಂದ ಒಳಗೆ ಎಳೆದಾಗ ಅಂಚು ಚುಚ್ಚಿದರೆ, ಅಥವಾ ಇದರ ತಿರುಗುಮುರುಗಾಗಿದ್ದರೆ, ಅಲೈನ್‌ಮೆಂಟ್ ತಪ್ಪಿದೆ. ಸುತ್ತಿನ ಉದ್ದಕ್ಕೆ ಅಲ್ಲಲ್ಲಿ ತಗ್ಗು ದಿಬ್ಬಗಳು ಸಿಕ್ಕರೆ ಶಾಕ್ ಅಬ್ಸಾರ್ಬರ್ ಸತ್ತಿರಬಹುದು, ಇಲ್ಲವೇ ಬ್ಯಾಲೆನ್ಸಿಂಗ್ ಹೋಗಿರಬಹುದು. ಅಂಚಿನ ಪ್ರತಿಯೊಂದು ಬಟನ್ನೂ ಗರಗಸದ ಹಲ್ಲಿನಂತೆ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗಾಗಿದ್ದರೆ, ಟೈರುಗಳನ್ನು ಕಾಲಕಾಲಕ್ಕೆ ಅದಲು ಬದಲು ಮಾಡಿಲ್ಲ ಎಂದು ತಿಳಿಯಬೇಕು. ಎರಡೂ ಅಂಚುಗಳು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ, ನಡು ಸವೆದು ಅಂಚು ಉಳಿದಿದ್ದರೆ ಗಾಳಿ ಹೆಚ್ಚು. ಇವುಗಳಲ್ಲಿ ಯಾವ ದೋಷವಿದ್ದರೂ ಹೊಸ ಟೈರು ಹಾಕುವ ಮೊದಲೇ ಅದನ್ನು ಸರಿಪಡಿಸಬೇಕು. ಇಲ್ಲವಾದರೆ ಎಷ್ಟು ದುಬಾರಿಯ ಟೈರು ತಂದರೂ ಅದು ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಹಳೆಯ ಟೈರನ್ನು ಬದಲಿಸಲೇಬೇಕಾದ ಮಿತಿ ಕಾನೂನಿನಲ್ಲಿಯೇ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ 94ನೆಯ ನಿಯಮದ ಪ್ರಕಾರ ಇಂಥ ವಾಹನದ ಟೈರಿನ ಬಟನ್ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಬಟನ್ನುಗಳ ನಡುವಿನ ತೋಡಿನಲ್ಲಿ ಅಡ್ಡಲಾಗಿ ಕಾಣುವ ಸಣ್ಣ ರಬ್ಬರಿನ ಗೆರೆಗಳು ಬಟನ್ನಿನ ಮಟ್ಟಕ್ಕೆ ಬಂದರೆ ಆ ಮಿತಿ ಮುಟ್ಟಿದಂತೆ. ಎಫ್‌ಸಿಗೆ (ಫಿಟ್ನೆಸ್ ಪ್ರಮಾಣಪತ್ರಕ್ಕೆ) ಹೋದಾಗ ನೋಡುವುದೂ ಇದನ್ನೇ. ಆದರೆ ಮಳೆಗಾಲದ ಮಲೆನಾಡಿನ ರಸ್ತೆಯಲ್ಲಿ ಜನರನ್ನು ಕೂರಿಸಿಕೊಂಡು ಹೋಗುವವರು 3 ಮಿ.ಮೀ. ಉಳಿದಿರುವಾಗಲೇ ಬದಲಿಸುವುದು ವಿವೇಕ.

ಹಂತ 2: ವ್ಯಾನಿನ ತೂಕ ತಿಳಿಯಿರಿ

ಕಾರಿಗೆ ಟೈರು ಆರಿಸುವುದಕ್ಕೂ ವ್ಯಾನಿಗೆ ಆರಿಸುವುದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಕಾರಿನ ಟೈರು ತನ್ನ ಸಾಮರ್ಥ್ಯಕ್ಕಿಂತ ಸಾಕಷ್ಟು ಕಡಿಮೆ ಭಾರದಲ್ಲಿ ಜೀವನ ಕಳೆಯುತ್ತದೆ. ಟಿಟಿಯ ಹಿಂದಿನ ಟೈರಿಗೆ ಆ ಸುಖವಿಲ್ಲ. ಹದಿಮೂರು ಜನ, ಅವರ ಚೀಲಗಳು, ಮೇಲಿನ ಕ್ಯಾರಿಯರಿನಲ್ಲಿ ಅಡುಗೆ ಪಾತ್ರೆ ಮತ್ತು ಗ್ಯಾಸ್ ಒಲೆ ಎಲ್ಲವೂ ಸೇರಿದಾಗ ಹಿಂದಿನ ಆಕ್ಸಲ್ಲು ತನ್ನ ಮಿತಿಯ ಹತ್ತಿರ ಬಂದಿರುತ್ತದೆ.

ಅಂದಾಜು ಬೇಡ, ಅಳತೆ ಮಾಡಿಸಿ. ವಾಹನ ತುಂಬಿರುವ ಒಂದು ದಿನ, ದಾರಿಯಲ್ಲಿ ಸಿಗುವ ವೇಬ್ರಿಡ್ಜಿಗೆ ಹೋಗಿ, ಮೊದಲು ಇಡೀ ವಾಹನವನ್ನು ತೂಗಿಸಿ, ಆಮೇಲೆ ಮುಂದಿನ ಚಕ್ರಗಳು ತಕ್ಕಡಿಯಿಂದ ಆಚೆ ಹೋಗುವಂತೆ ನಿಲ್ಲಿಸಿ ಹಿಂದಿನ ಚಕ್ರಗಳ ತೂಕವನ್ನು ಮಾತ್ರ ತೆಗೆದುಕೊಳ್ಳಿ. ಚೀಟಿಗೆ ಕೊಡುವ ಸಣ್ಣ ಮೊತ್ತ ಇಡೀ ಖರೀದಿಯಲ್ಲಿ ಅತ್ಯಂತ ಉಪಯುಕ್ತವಾದ ಖರ್ಚು. ಉದಾಹರಣೆಗೆ, ಹಿಂದಿನ ಆಕ್ಸಲ್ಲಿನ ತೂಕ 2,000 ಕಿಲೋ ಬಂದಿತೆಂದುಕೊಳ್ಳೋಣ. ಹಿಂದೆ ಒಂದೊಂದೇ ಚಕ್ರವಿದ್ದರೆ ಪ್ರತಿ ಟೈರಿಗೆ 1,000 ಕಿಲೋ. ಆದರೆ ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ ಆ ಭಾರ ಸಮನಾಗಿ ಹಂಚಿಕೆಯಾಗುವುದಿಲ್ಲ, ಹೊರಬದಿಯ ಟೈರಿನ ಮೇಲೆ ಹೆಚ್ಚು ಬೀಳುತ್ತದೆ. ಆದ್ದರಿಂದ ಲೆಕ್ಕಕ್ಕಿಂತ ಕನಿಷ್ಠ ಹತ್ತು ಶೇಕಡಾ ಹೆಚ್ಚು ಹೊರುವ ಟೈರು ಬೇಕು. ಈ ಉದಾಹರಣೆಯಲ್ಲಿ 1,100 ಕಿಲೋ ಅಥವಾ ಅದಕ್ಕೂ ಮೇಲಿನದು. ವಾಹನದ ತಯಾರಕರು ನಿಗದಿಪಡಿಸಿದ್ದು ಇದಕ್ಕಿಂತ ಹೆಚ್ಚಿದ್ದರೆ ಅದೇ ಕಡೆಯ ಮಾತು.

ಹಂತ 3: ಸೈಡ್‌ವಾಲಿನ ಬರಹವನ್ನು ಪೂರ್ತಿ ಓದಿ

ಚಾಲಕನ ಬಾಗಿಲಿನ ಬಳಿ ಅಂಟಿಸಿರುವ ಪಟ್ಟಿಯಲ್ಲಿ ಅಥವಾ ಮಾಲೀಕರ ಕೈಪಿಡಿಯಲ್ಲಿ ಟೈರಿನ ಅಳತೆ, ಭಾರದ ಸೂಚ್ಯಂಕ ಮತ್ತು ಗಾಳಿಯ ಒತ್ತಡ ಬರೆದಿರುತ್ತದೆ. ಈಗ ವಾಹನದಲ್ಲಿರುವ ಟೈರನ್ನು ನೋಡಿ ಅದನ್ನೇ ಕೇಳಬೇಡಿ. ಹಿಂದಿನ ಮಾಲೀಕನು ತಪ್ಪಾದದ್ದನ್ನು ಹಾಕಿಸಿರಬಹುದು.

ಅನೇಕ ಟಿಟಿಗಳಲ್ಲಿ ಕಾಣುವ ಅಳತೆ 215/75 ಆರ್15. ಟೈರಿನ ಅಗಲ 215 ಮಿ.ಮೀ., ಸೈಡ್‌ವಾಲಿನ ಎತ್ತರ ಆ ಅಗಲದ ಶೇಕಡಾ 75, ಒಳಗಿನ ಹೆಣಿಗೆ ರೇಡಿಯಲ್, ಡಿಸ್ಕಿನ ವ್ಯಾಸ 15 ಅಂಗುಲ ಎಂದು ಇದರ ಅರ್ಥ. ಫೋರ್ಸ್ ಅರ್ಬೇನಿಯಾದಲ್ಲಿ 235/65 ಆರ್16 ಬರುತ್ತದೆ. ಕೆಲವು ವ್ಯಾನುಗಳಲ್ಲಿ 195 ಆರ್15 ಎಲ್‌ಟಿ ಎಂದು ನಡುವಿನ ಸಂಖ್ಯೆಯೇ ಇಲ್ಲದ ಬರಹವಿರುತ್ತದೆ. ಅಂಥವುಗಳ ಸೈಡ್‌ವಾಲ್ ಅಗಲದ ಶೇಕಡಾ 80ರಷ್ಟು ಅಥವಾ ತುಸು ಹೆಚ್ಚು ಎತ್ತರವಿರುತ್ತದೆ.

ಇಲ್ಲಿಯೇ ದೊಡ್ಡ ಬಲೆಯಿದೆ. 215/75 ಆರ್15 ಎಂಬುದು ಮಹೀಂದ್ರ ಬೊಲೆರೊದ ಅಳತೆಯೂ ಹೌದು. ಅಳತೆ ಒಂದೇ ಆದ್ದರಿಂದ ಬೊಲೆರೊದ ಟೈರು ಟಿಟಿಯ ಡಿಸ್ಕಿಗೆ ಸಲೀಸಾಗಿ ಕೂರುತ್ತದೆ, ಬೆಲೆಯೂ ಕಡಿಮೆ, ಮೊದಲ ದಿನ ಓಡಿಸಿದರೆ ಸದ್ದೂ ಇಲ್ಲ, ಕುಲುಕಾಟವೂ ಇಲ್ಲ. ಸದ್ದಿಲ್ಲದ ಟೈರು ಕೊಡಿ ಎಂದು ಕೇಳಿದವರ ಕೈಗೆ ಇಂಥದ್ದೇ ಬರುವ ಸಾಧ್ಯತೆ ಹೆಚ್ಚು. ಆದರೆ ಪ್ರಯಾಣಿಕ ವಾಹನಕ್ಕೆಂದು ಮಾಡಿದ ಈ ಅಳತೆಯ ಟೈರಿನ ಮೇಲೆ ಸಾಮಾನ್ಯವಾಗಿ ಇರುವ ಭಾರದ ಸೂಚ್ಯಂಕ 100, ಅಂದರೆ ಒಂದು ಟೈರಿಗೆ 800 ಕಿಲೋ. ಮೇಲಿನ ಉದಾಹರಣೆಯ ವ್ಯಾನಿನಲ್ಲಿ ಅದು ಪ್ರತಿದಿನ 200 ಕಿಲೋ ಹೆಚ್ಚಿನ ಹೊರೆ ಹೊತ್ತು ಓಡುತ್ತದೆ. ಅತಿಭಾರದಿಂದ ಸೈಡ್‌ವಾಲು ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಬಾಗಿ, ಒಳಗೇ ಬಿಸಿಯೇರಿ, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಒಂದು ದಿನ ಪಕ್ಕ ಒಡೆಯುತ್ತದೆ. ಆ ದಿನ ಬಾರದಿದ್ದರೂ ಅಂಚುಗಳು ಬೇಗ ಸವೆದು, ಮೊದಲ ದಿನದ ಆ ಮೌನ ಆರು ತಿಂಗಳಲ್ಲಿ ಮಾಯವಾಗುತ್ತದೆ.

ಆದ್ದರಿಂದ ಅಳತೆಯ ನಂತರ ಬರುವ ಅಕ್ಷರ ಮತ್ತು ಸಂಖ್ಯೆಗಳನ್ನು ಬಿಡಬಾರದು. ಹಗುರ ವಾಣಿಜ್ಯ ವಾಹನದ ಟೈರಿನ ಮೇಲೆ ಎಲ್‌ಟಿ ಎಂದೋ, ಅಳತೆಯ ಕೊನೆಯಲ್ಲಿ ಸಿ ಎಂದೋ, 8ಪಿಆರ್ ಎಂಬಂಥ ಪ್ಲೈ ಗುರುತೋ ಇರುತ್ತದೆ. ಭಾರದ ಸೂಚ್ಯಂಕ ಜೋಡಿಯಾಗಿ, 112/110 ಎಂಬಂತೆ ಇರುತ್ತದೆ. ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಹಿಂದೆ ಜೋಡಿ ಚಕ್ರಗಳಿರುವ ವಾಹನದಲ್ಲಿ ಪ್ರತಿಯೊಂದು ಟೈರಿಗೆ. 104 ಎಂದರೆ 900 ಕಿಲೋ, 108 ಎಂದರೆ 1,000, 110 ಎಂದರೆ 1,060, 112 ಎಂದರೆ 1,120, 116 ಎಂದರೆ 1,250. ಕೊನೆಯ ಅಕ್ಷರ ವೇಗದ್ದು: ಎನ್ ಎಂದರೆ ಗಂಟೆಗೆ 140 ಕಿಲೋಮೀಟರು, ಕ್ಯೂ 160, ಆರ್ 170, ಎಸ್ 180. ಬಾಡಿಗೆಯ ವ್ಯಾನಿಗೆ 80ಕ್ಕೆ ವೇಗ ನಿಯಂತ್ರಕ ಇರುವುದರಿಂದ ಈ ಅಕ್ಷರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ತಯಾರಕರು ಹೇಳಿದ್ದಕ್ಕಿಂತ ಕೆಳಗಿನದು ಬೇಡ ಅಷ್ಟೆ.

ಅಂಗಡಿಯವರ ಮಾತಿನ ಮೇಲೆ ಭರವಸೆ ಬಾರದಿದ್ದರೆ ಇನ್ನೊಂದು ಗುರುತು ಸಹಾಯಕ್ಕೆ ಬರುತ್ತದೆ. ನಮ್ಮ ದೇಶದಲ್ಲಿ ಮಾರುವ ಟೈರಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಮುದ್ರೆಯ ಜೊತೆಗಿರುವ ಮಾನಕದ ಸಂಖ್ಯೆ 15633 ಎಂದಿದ್ದರೆ ಅದು ಪ್ರಯಾಣಿಕ ಕಾರುಗಳ ಟೈರು. 15636 ಎಂದಿದ್ದರೆ ವಾಣಿಜ್ಯ ವಾಹನಗಳದ್ದು. ಅಳತೆ ಎರಡರದ್ದೂ ಒಂದೇ ಇರುವಾಗ ಈ ಒಂದು ಅಂಕಿಯ ವ್ಯತ್ಯಾಸ ಗೊಂದಲವನ್ನು ಅಲ್ಲಿಯೇ ಬಗೆಹರಿಸುತ್ತದೆ.

ಅಳತೆಯನ್ನು ಹೆಚ್ಚಿಸುವ ಆಸೆಯ ಬಗ್ಗೆಯೂ ಒಂದು ಮಾತು. ನೋಟಕ್ಕೆ ಗಟ್ಟಿಮುಟ್ಟಾಗಿ ಕಾಣಲೆಂದು 215/75ರ ಬದಲು 235/75 ಹಾಕಿಸುವವರಿದ್ದಾರೆ. ಮೊದಲನೆಯದರ ಒಟ್ಟು ವ್ಯಾಸ ಸುಮಾರು 703 ಮಿ.ಮೀ., ಎರಡನೆಯದರದ್ದು 733. ಶೇಕಡಾ ನಾಲ್ಕಕ್ಕಿಂತ ಹೆಚ್ಚಿನ ಈ ವ್ಯತ್ಯಾಸದಿಂದ ಸ್ಪೀಡೋಮೀಟರು ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಘಾಟಿ ಹತ್ತುವಾಗ ಗೇರು ಭಾರವಾಗುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ತಾಗಲೂಬಹುದು. ಅಗಲ ಹೆಚ್ಚಾದಷ್ಟೂ ಸದ್ದೂ ಸಾಮಾನ್ಯವಾಗಿ ಹೆಚ್ಚು. ಮೂಲ ಅಳತೆಯಲ್ಲಿಯೇ ಇರುವುದು ಕ್ಷೇಮ.

ಹಂತ 4: ಬಟನ್ ವಿನ್ಯಾಸವನ್ನು ಕಣ್ಣಿನಿಂದ ಓದುವುದು

ಸದ್ದು ಹುಟ್ಟುವುದು ಹೇಗೆ ಎಂದು ತಿಳಿದರೆ ವಿನ್ಯಾಸವನ್ನು ಆರಿಸುವುದು ಸುಲಭ. ಟೈರು ಉರುಳುವಾಗ ಪ್ರತಿ ಬಟನ್ನಿನ ಮುಂದಂಚು ರಸ್ತೆಯನ್ನು ಬಡಿಯುತ್ತದೆ. ಅದು ಒಂದು ಸದ್ದು. ಬಟನ್‌ಗಳ ನಡುವಿನ ತೋಡಿನಲ್ಲಿ ಸಿಕ್ಕಿಕೊಂಡ ಗಾಳಿ ಒತ್ತಿ ಹಿಂಡಿ ಹೊರಗೆ ಚಿಮ್ಮುತ್ತದೆ, ಬಟನ್ ಮೇಲೇಳುವಾಗ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ; ಅದು ಇನ್ನೊಂದು. ಒಂದೇ ಅಳತೆಯ ಬಟನ್‌ಗಳು ಒಂದೇ ಅಂತರದಲ್ಲಿ ಬಡಿಯುತ್ತಿದ್ದರೆ ಎಲ್ಲ ಬಡಿತಗಳೂ ಸೇರಿ ಒಂದೇ ಶ್ರುತಿಯ ಕೂಗಾಗುತ್ತದೆ, ಕಿವಿಗೆ ಕಿರಿಕಿರಿ ಮಾಡುವುದು ಈ ಒಂದೇ ಶ್ರುತಿ. ಒಳ್ಳೆಯ ವಿನ್ಯಾಸಕಾರರು ಬಟನ್‌ಗಳ ಉದ್ದವನ್ನು ಬೇಕೆಂದೇ ಸಣ್ಣ, ನಡುತರ, ದೊಡ್ಡದು ಎಂದು ಬೆರೆಸಿ ಜೋಡಿಸುತ್ತಾರೆ. ಆಗ ಒಟ್ಟು ಸದ್ದು ಅಷ್ಟೇ ಇದ್ದರೂ ಅದು ಹಲವು ಶ್ರುತಿಗಳಿಗೆ ಹಂಚಿಹೋಗಿ ಮಳೆಯ ಸದ್ದಿನಂತೆ ಕೇಳಿಸುತ್ತದೆ.

ಇದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಟೈರನ್ನು ನಿಲ್ಲಿಸಿ, ನಿಧಾನವಾಗಿ ಉರುಳಿಸುತ್ತ, ಅಂಚಿನ ಹತ್ತು ಹದಿನೈದು ಬಟನ್‌ಗಳ ಉದ್ದವನ್ನು ಸ್ಕೇಲಿನಿಂದ ಅಳೆಯಿರಿ. ಎಲ್ಲವೂ ಒಂದೇ ಬಂದರೆ ಆ ಟೈರು ಕೂಗುವ ಜಾತಿಯದು. ನಾನು ಮೊದಲ ಸಲ ಸ್ಕೇಲು ತೆಗೆದಾಗ ಅಂಗಡಿಯ ಹುಡುಗರು ನಕ್ಕರು, ನಗಲಿ.

ಟೈರಿನ ಸುತ್ತಿಗೆ ಅಡ್ಡಲಾಗಿ ದಪ್ಪ ದಪ್ಪ ಬಟನ್‌ಗಳಿರುವ ಲಗ್ ಟೈರು ಕೆಸರಿಗೆ ಮತ್ತು ಜಲ್ಲಿ ರಸ್ತೆಗೆ ಹೇಳಿಮಾಡಿಸಿದ್ದು. ಹೆದ್ದಾರಿಯಲ್ಲಿ ಅದರ ಸದ್ದು ತಡೆಯಲಾಗದು. ಸುತ್ತಿನ ಉದ್ದಕ್ಕೆ ಪಟ್ಟಿಗಳಂತೆ ಸಾಗುವ ರಿಬ್ ಟೈರು ಇದಕ್ಕೆ ವಿರುದ್ಧ. ಪ್ರಯಾಣಿಕರನ್ನು ಒಯ್ಯುವ ವ್ಯಾನಿಗೆ ನಾಲ್ಕೈದು ರಿಬ್‌ಗಳು, ಅವುಗಳ ನಡುವೆ ನೀರು ಹರಿಯಲು ಮೂರು ನಾಲ್ಕು ಆಳವಾದ ನೇರ ತೋಡುಗಳು, ಹೊರ ಅಂಚಿನಲ್ಲಿ ಪೂರ್ತಿ ತೆರೆದುಕೊಳ್ಳದ ಭುಜ ಇರುವ ವಿನ್ಯಾಸವನ್ನು ನಾನು ಆರಿಸುತ್ತೇನೆ. ಭುಜ ಮುಚ್ಚಿದಷ್ಟೂ ಬಡಿತ ಕಡಿಮೆ. ಘಾಟಿಯ ತಿರುವುಗಳಲ್ಲಿ ಅಂಚಿನ ಬಟನ್ ಅಲುಗಾಡದೆ ನಿಲ್ಲುವುದರಿಂದ ಸವೆತವೂ ಸಮ. ಮೌನ ಮತ್ತು ಬಾಳಿಕೆ ಒಂದೇ ಗುಣದಿಂದ ಬರುವುದಕ್ಕೆ ಇದೇ ಒಳ್ಳೆಯ ಉದಾಹರಣೆ.

ಬಟನ್ ಆಳ ಹೆಚ್ಚಿದ್ದಷ್ಟೂ ಬಾಳಿಕೆ ಹೆಚ್ಚೆಂಬ ನಂಬಿಕೆಯನ್ನು ಸ್ವಲ್ಪ ಎಚ್ಚರಿಕೆಯಿಂದ ನೋಡಬೇಕು. ಆಳವಾದ ಬಟನ್ ಮೊದಲ ಸಾವಿರಾರು ಕಿಲೋಮೀಟರುಗಳಲ್ಲಿ ಹೆಚ್ಚು ಬಾಗುತ್ತದೆ, ಹೆಚ್ಚು ಬಿಸಿಯಾಗುತ್ತದೆ, ಅಡ್ಡಾದಿಡ್ಡಿ ಸವೆಯುವ ಸಂಭವವೂ ಹೆಚ್ಚು. ಬಟನ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕುವ ರಬ್ಬರಿನ ಸೇತುವೆಗಳು ತೋಡಿನ ತಳದಲ್ಲಿ ಇವೆಯೇ ಎಂದು ನೋಡಿ. ಇದ್ದರೆ ಆಳದ ಲಾಭ ನಿಜವಾಗಿಯೂ ಸಿಗುತ್ತದೆ.

ಹಂತ 5: ನಿಮ್ಮ ರಸ್ತೆಗೆ ಹೊಂದಿಸಿ

ವ್ಯಾನು ವರ್ಷದ ಹೆಚ್ಚಿನ ದಿನ ಎಲ್ಲಿ ಓಡುತ್ತದೆ ಎಂಬುದರ ಮೇಲೆ ಉಳಿದ ನಿರ್ಧಾರಗಳು ನಿಂತಿವೆ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ನೇರ ರಸ್ತೆಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಸಾಗುವವರಿಗೆ ಸದ್ದು ಮತ್ತು ಬಿಸಿ ಮುಖ್ಯ. ಶುದ್ಧ ರಿಬ್ ವಿನ್ಯಾಸ ಸಾಕು. ಬೆಂಗಳೂರಿನ ವೈಟ್‌ಟಾಪಿಂಗ್ ರಸ್ತೆಗಳಲ್ಲಿಯೂ ಕಾಂಕ್ರೀಟ್ ಹಾಕಿದ ಶಿರಾಡಿ ಘಾಟಿಯಲ್ಲಿಯೂ ಯಾವುದೇ ಟೈರು ಡಾಂಬರಿಗಿಂತ ಹೆಚ್ಚು ಸದ್ದು ಮಾಡುತ್ತದೆ. ಜಾರದಿರಲೆಂದು ಕಾಂಕ್ರೀಟಿನ ಮೇಲೆ ಅಡ್ಡಗೆರೆ ಎಳೆದಿರುತ್ತಾರೆ, ಆ ಗೆರೆಗಳೇ ಹಾಡುತ್ತವೆ. ಅದಕ್ಕೆ ಟೈರನ್ನು ಬಯ್ದು ಪ್ರಯೋಜನವಿಲ್ಲ. ಕೊಡಗು, ಚಿಕ್ಕಮಗಳೂರು, ಆಗುಂಬೆಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡುವವರು ನೇರ ತೋಡುಗಳ ಅಗಲವನ್ನೂ ರಿಬ್‌ಗಳ ಮೇಲಿನ ಸಣ್ಣ ಸೀಳುಗಳನ್ನೂ ನೋಡಬೇಕು, ಒದ್ದೆ ರಸ್ತೆಯ ಹಿಡಿತ ಅವುಗಳಿಂದ ಬರುತ್ತದೆ. ಎಸ್ಟೇಟ್ ಒಳಗಿನ ಮಣ್ಣಿನ ದಾರಿಗೆ ದಿನವೂ ಇಳಿಯಬೇಕಾದವರು ಮಾತ್ರ ಹಿಂದಿನ ಚಕ್ರಗಳಿಗೆ ರಿಬ್ ಮತ್ತು ಲಗ್ ಬೆರೆತ ವಿನ್ಯಾಸವನ್ನು ಹಾಕಿಸಿ, ಸ್ವಲ್ಪ ಸದ್ದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಕಲ್ಲು ಕ್ವಾರಿಯ ರಸ್ತೆಗಳಲ್ಲಿ, ಬಳ್ಳಾರಿಯ ಕಡೆಯ ಅದಿರು ಲಾರಿಗಳು ಓಡುವ ದಾರಿಗಳಲ್ಲಿ ಸೈಡ್‌ವಾಲಿಗೆ ಗಾಯವಾಗುವುದೇ ಹೆಚ್ಚು. ಅಂಥಲ್ಲಿ ಸೈಡ್‌ವಾಲಿನ ಮೇಲೆ ಉಬ್ಬಿದ ರಕ್ಷಣಾ ಪಟ್ಟಿ ಇರುವುದು ಒಳ್ಳೆಯದು.

ಹಂತ 6: ಡೆಸಿಬಲ್ ಸಂಖ್ಯೆಯನ್ನು ಎಷ್ಟು ನಂಬಬೇಕು

ಟೈರಿನ ಉರುಳುವ ಸದ್ದು, ಒದ್ದೆ ರಸ್ತೆಯ ಹಿಡಿತ ಮತ್ತು ಉರುಳುವ ಪ್ರತಿರೋಧ ಈ ಮೂರಕ್ಕೂ ಮಿತಿ ಹಾಕುವ ಎಐಎಸ್ 142 ಮಾನಕವನ್ನು ಕಡ್ಡಾಯಗೊಳಿಸಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವು 2022ರಲ್ಲಿ ಅಧಿಸೂಚನೆ ಹೊರಡಿಸಿತು. ಅದರಲ್ಲಿ ಟೈರುಗಳನ್ನು ಸಿ1, ಸಿ2, ಸಿ3 ಎಂದು ವಿಂಗಡಿಸಲಾಗಿದೆ. ಹಗುರ ವಾಣಿಜ್ಯ ವಾಹನದ ಟೈರು ಸಿ2 ವರ್ಗಕ್ಕೆ ಸೇರುತ್ತದೆ. ಯುರೋಪಿನಲ್ಲಿ ಮಾರುವ ಟೈರುಗಳಿಗೆ 2021ರಿಂದ ಜಾರಿಯಲ್ಲಿರುವ ಹೊಸ ಲೇಬಲ್ಲಿನಲ್ಲಿ ಡೆಸಿಬಲ್ ಸಂಖ್ಯೆಯನ್ನೇ ಮುದ್ರಿಸುತ್ತಾರೆ. ಅಂತರರಾಷ್ಟ್ರೀಯ ಕಂಪನಿಗಳ ವ್ಯಾನ್ ಟೈರುಗಳಿಗೆ, ಉದಾಹರಣೆಗೆ ಮಿಶೆಲಿನ್ ಅಗಿಲಿಸ್ ಅಥವಾ ಕಾಂಟಿನೆಂಟಲ್ ವ್ಯಾನ್‌ಕಾಂಟ್ಯಾಕ್ಟ್ ಸಾಲಿನವುಗಳಿಗೆ, ಆ ಸಂಖ್ಯೆಯನ್ನು ಹುಡುಕಿ ನೋಡಬಹುದು.

ಆದರೆ ಆ ಸಂಖ್ಯೆಯನ್ನು ಅಳೆಯುವುದು ವಾಹನದ ಹೊರಗೆ. ಎಂಜಿನ್ ಆರಿಸಿ, ಸುಮಾರು 80 ಕಿಲೋಮೀಟರು ವೇಗದಲ್ಲಿ ಉರುಳಿಕೊಂಡು ಹೋಗುವ ವಾಹನದ ನಡುಗೆರೆಯಿಂದ 7.5 ಮೀಟರು ದೂರದಲ್ಲಿ ಮೈಕು ಇಟ್ಟು ಅಳೆಯುತ್ತಾರೆ. ದಾರಿಯ ಪಕ್ಕದ ಮನೆಯವರಿಗೆ ಎಷ್ಟು ಕೇಳಿಸುತ್ತದೆ ಎಂಬುದು ಅದರಿಂದ ತಿಳಿಯುತ್ತದೆ, ಚಕ್ರದ ಮೇಲಿನ ಸೀಟಿನಲ್ಲಿ ಕುಳಿತವರಿಗೆ ಎಷ್ಟು ಕೇಳಿಸುತ್ತದೆ ಎಂಬುದು ತಿಳಿಯುವುದಿಲ್ಲ. ವಾಹನದ ಒಳಗಿನ ಗುಂಯ್‌ಕಾರದಲ್ಲಿ ಟೈರಿನ ಗಡಸುತನ ಆಕ್ಸಲ್ಲಿನ ಮೂಲಕ ತಗಡಿಗೆ ದಾಟಿಸುವ ಅದುರುವಿಕೆಯ ಪಾಲು ದೊಡ್ಡದು. ಆದ್ದರಿಂದ ಎರಡು ಟೈರುಗಳ ನಡುವೆ ಒಂದು ಡೆಸಿಬಲ್ ವ್ಯತ್ಯಾಸಕ್ಕೆ ಹೆಚ್ಚು ಹಣ ಕೊಡಬೇಡಿ. ಮೂರು ಡೆಸಿಬಲ್ ಇದ್ದರೆ ಅದು ಗಮನಿಸಬೇಕಾದ ವ್ಯತ್ಯಾಸ, ಏಕೆಂದರೆ ಮೂರು ಕಡಿಮೆಯಾದರೆ ಶಬ್ದದ ಶಕ್ತಿ ಅರ್ಧಕ್ಕೆ ಇಳಿದಂತೆ.

ನನ್ನ ಮಟ್ಟಿಗೆ ಹೆಚ್ಚು ನಂಬಿಕೆಗೆ ಅರ್ಹವಾದ ಪರೀಕ್ಷೆ ಬೇರೆಯೇ ಇದೆ. ಟಿಟಿಗಳು ನಿಲ್ಲುವ ಸ್ಟ್ಯಾಂಡಿಗೆ ಹೋಗಿ, ನೀವು ಯೋಚಿಸುತ್ತಿರುವ ಟೈರನ್ನು ಇಪ್ಪತ್ತು ಮೂವತ್ತು ಸಾವಿರ ಕಿಲೋಮೀಟರು ಓಡಿಸಿದ ವಾಹನವನ್ನು ಹುಡುಕಿ, ಅದರ ಟೈರಿನ ಅಂಚನ್ನು ಕೈಯಿಂದ ಮುಟ್ಟಿ ನೋಡಿ. ಚಾಲಕನನ್ನು ಕೇಳಿದರೆ ಕಂಪನಿಯ ಕರಪತ್ರದಲ್ಲಿ ಇಲ್ಲದ ಹತ್ತು ಸಂಗತಿಗಳನ್ನು ಹೇಳುತ್ತಾನೆ. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ಎಲ್ಲರೂ ಈ ವರ್ಗದ ಟೈರು ಮಾಡುತ್ತಾರೆ. ಮೈಸೂರಿನ ಹಳಬರು ಇಂದಿಗೂ ವಿಕ್ರಾಂತ್ ಎಂದೇ ಕರೆಯುವ ಕಾರ್ಖಾನೆ 1997ರಲ್ಲಿ ಜೆಕೆಯವರ ಕೈ ಸೇರಿತು. ಕಂಪನಿಯ ಹೆಸರಿಗಿಂತ ಆ ಕಂಪನಿಯ ಯಾವ ವಿನ್ಯಾಸ ಎಂಬುದು ಮುಖ್ಯ. ಒಂದೇ ಕಂಪನಿಯಲ್ಲಿ ಮೌನವಾದದ್ದೂ ಇರುತ್ತದೆ, ಕೂಗುವುದೂ ಇರುತ್ತದೆ.

ಹಂತ 7: ಅಂಗಡಿಯಲ್ಲಿ

ಸೈಡ್‌ವಾಲಿನಲ್ಲಿ ಉದ್ದನೆಯ ಸಂಕೇತದ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 1825 ಎಂದಿದ್ದರೆ 2025ನೆಯ ಇಸವಿಯ 18ನೆಯ ವಾರದಲ್ಲಿ ತಯಾರಾದದ್ದು. ರಬ್ಬರು ಇಟ್ಟಲ್ಲಿಯೇ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಸದ್ದು ಹೆಚ್ಚು, ಒದ್ದೆಯ ಹಿಡಿತ ಕಡಿಮೆ. ಆರು ತಿಂಗಳಿಗಿಂತ ಹಳೆಯದನ್ನು ನಾನು ಒಪ್ಪುವುದಿಲ್ಲ; ರಿಯಾಯಿತಿ ತುಂಬ ಇದ್ದರೆ ಮೊದಲು ಈ ಅಂಕಿಯನ್ನೇ ನೋಡುತ್ತೇನೆ. ನಾಲ್ಕೂ ಟೈರುಗಳ ಅಂಕಿಗಳು ಹತ್ತಿರ ಹತ್ತಿರ ಇರಲಿ. ಬಿಲ್ಲಿನಲ್ಲಿ ಪ್ರತಿ ಟೈರಿನ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ, ವಾರಂಟಿ ಕೇಳುವ ದಿನ ಅದಿಲ್ಲದೆ ಮಾತು ನಡೆಯುವುದಿಲ್ಲ.

ರೀಬಟನ್ ಟೈರಿನ, ಅಂದರೆ ಸವೆದ ಟೈರಿಗೆ ಹೊಸ ಬಟನ್ ಅಂಟಿಸಿದ್ದರ, ಬಗ್ಗೆ ಕೇಳುವವರಿರುತ್ತಾರೆ. ಲಾರಿಯ ಹಿಂದಿನ ಚಕ್ರಗಳಲ್ಲಿ ಅದು ವರ್ಷಗಳಿಂದ ನಡೆದುಬಂದ, ಲೆಕ್ಕಕ್ಕೆ ಕೂರುವ ಕ್ರಮ. ಜನರನ್ನು ಒಯ್ಯುವ ವ್ಯಾನಿಗೆ, ಅದರಲ್ಲಿಯೂ ಮುಂದಿನ ಚಕ್ರಕ್ಕೆ, ಬೇಡ. ಸದ್ದು ಕಡಿಮೆ ಬೇಕೆಂದು ಹೊರಟವರಿಗಂತೂ ಅದು ದಾರಿಯೇ ಅಲ್ಲ.

ಹಂತ 8: ಹಾಕಿಸುವಾಗ ನಿಂತು ನೋಡಿ

ಟೈರನ್ನು ಬಿಟ್ಟು ಚಹಾಕ್ಕೆ ಹೋಗಬೇಡಿ. ಡಿಸ್ಕಿನ ಅಂಚಿನಲ್ಲಿರುವ ತುಕ್ಕನ್ನು ಕೆರೆದು ಒರೆಸದಿದ್ದರೆ ಟ್ಯೂಬ್‌ಲೆಸ್ ಟೈರು ನಿಧಾನವಾಗಿ ಗಾಳಿ ಬಿಡುತ್ತದೆ. ವಾಲ್ವನ್ನು ಹೊಸದು ಹಾಕಿಸಬೇಕು, ಅದರಲ್ಲಿಯೂ ಒಂದು ಸೂಕ್ಷ್ಮವಿದೆ: ಕಾರಿಗೆ ಹಾಕುವ ಸಾಧಾರಣ ರಬ್ಬರ್ ವಾಲ್ವು 65 ಪಿಎಸ್‌ಐವರೆಗಿನ ಒತ್ತಡಕ್ಕೆ ಮಾತ್ರ. ನಿಮ್ಮ ವ್ಯಾನಿನ ಒತ್ತಡ ಅದರ ಹತ್ತಿರ ಬರುವುದಾದರೆ ಹೆಚ್ಚು ಒತ್ತಡದ ವಾಲ್ವು ಅಥವಾ ನಟ್ಟು ಬಿಗಿಯುವ ಲೋಹದ ವಾಲ್ವು ಬೇಕು. ಅಂಗಡಿಯ ಡಬ್ಬದಲ್ಲಿ ಎರಡೂ ಬೆರೆತಿರುತ್ತವೆ, ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ.

ಬ್ಯಾಲೆನ್ಸಿಂಗ್ ನಾಲ್ಕೂ ಚಕ್ರಗಳಿಗೆ ಮಾಡಿಸಿ, ಹಿಂದಿನದಕ್ಕೆ ಬೇಡ ಎನ್ನುವವರ ಮಾತು ಕೇಳಬೇಡಿ. ಹಿಂದಿನ ಚಕ್ರದ ಅದುರು ಸ್ಟೇರಿಂಗಿಗೆ ಬಾರದೆ ನೇರವಾಗಿ ಸೀಟಿಗೆ ಹೋಗುತ್ತದೆ, ಚಾಲಕನಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಅಲೈನ್‌ಮೆಂಟ್, ಸಾಧ್ಯವಿದ್ದರೆ ವಾಹನದಲ್ಲಿ ಒಂದಿಷ್ಟು ಭಾರವಿಟ್ಟು ಮಾಡಿಸುವುದು ಉತ್ತಮ, ಏಕೆಂದರೆ ವ್ಯಾನು ದುಡಿಯುವುದು ತುಂಬಿದಾಗ. ಮಾಡುವ ಮೊದಲಿನ ಮತ್ತು ನಂತರದ ಅಳತೆಗಳ ಮುದ್ರಿತ ಚೀಟಿ ಕೇಳಿ ಪಡೆಯಿರಿ. ನಟ್ಟುಗಳನ್ನು ಗಾಳಿಯ ಗನ್ನಿನಿಂದ ಒಮ್ಮೆಲೇ ಬಿಗಿದು ಬಿಡದೆ, ಎದುರುಬದುರಾಗಿ ಬಿಗಿಸಿ, ಕೊನೆಗೆ ಟಾರ್ಕ್ ಸ್ಪ್ಯಾನರಿನಿಂದ ಮುಗಿಸಬೇಕು. 50ರಿಂದ 100 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿಯನ್ನು ಪರೀಕ್ಷಿಸಿ.

ಎರಡೇ ಟೈರು ಕೊಳ್ಳುವ ಶಕ್ತಿಯಿದ್ದರೆ ಹೊಸದು ಮುಂದೆ ಇರಲಿ ಎನ್ನುವುದು ನಮ್ಮ ಕಡೆಯ ರೂಢಿ. ಟೈರು ತಯಾರಕರು ಹೇಳುವುದು ಹಿಂದೆ ಹಾಕಿ ಎಂದು, ಏಕೆಂದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ವಾಹನವನ್ನು ಹತೋಟಿಗೆ ತರುವುದು ಬಹಳ ಕಷ್ಟ. ನಾನೂ ಹಿಂದೆಯೇ ಹಾಕುತ್ತೇನೆ; ಮುಂದಿನದು ನಂಬಲಾಗದಷ್ಟು ಸವೆದಿದ್ದರೆ ಎರಡು ಕೊಳ್ಳುವ ಲೆಕ್ಕವೇ ತಪ್ಪು. ಸ್ಟೆಪ್ನಿಯೂ ಅದೇ ಅಳತೆ, ಅದೇ ಭಾರದ ಸೂಚ್ಯಂಕದ್ದಾಗಿರಬೇಕು ಎಂಬುದನ್ನು ಹೇಳಬೇಕಾಗಿಲ್ಲವೆಂದು ಭಾವಿಸುತ್ತೇನೆ, ಆದರೆ ಘಾಟಿಯ ನಡುವೆ ಬೊಲೆರೊ ಟೈರಿನ ಸ್ಟೆಪ್ನಿ ಹಾಕಿಕೊಂಡು ತೆವಳುವ ಟಿಟಿಗಳನ್ನು ನೋಡಿದ್ದೇನೆ.

ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುವ ಪದರ ಇರುತ್ತದೆ. ಮೊದಲ 300 ಕಿಲೋಮೀಟರು ತಿರುವಿನಲ್ಲಿಯೂ ಬ್ರೇಕಿನಲ್ಲಿಯೂ ನಿಧಾನವಿರಲಿ.

ಹಂತ 9: ಗಾಳಿ

ಇಷ್ಟೆಲ್ಲ ಶ್ರಮಪಟ್ಟು ಆರಿಸಿದ ಟೈರನ್ನು ಹಾಳುಮಾಡುವ ಅತ್ಯಂತ ಸುಲಭದ ದಾರಿ ಗಾಳಿಯನ್ನು ಕಡೆಗಣಿಸುವುದು. ಕುಲುಕಾಟ ಕಡಿಮೆಯಾಗಲೆಂದು ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ ಮಾಡುವ ಅಭ್ಯಾಸ ಅನೇಕ ಚಾಲಕರಿಗಿದೆ. ಒಂದೆರಡು ದಿನ ಸುಖವೆನಿಸುತ್ತದೆ. ಆದರೆ ಟೈರು ಹೊರಬಲ್ಲ ಭಾರವು ಒಳಗಿನ ಗಾಳಿಯನ್ನು ಅವಲಂಬಿಸಿರುವುದರಿಂದ, ಗಾಳಿ ಇಳಿಸಿದರೆ 1,120 ಕಿಲೋದ ಟೈರನ್ನು ಕೈಯಾರೆ 900 ಕಿಲೋದ ಟೈರಿನ ಮಟ್ಟಕ್ಕೆ ಇಳಿಸಿದಂತೆಯೇ ಆಗುತ್ತದೆ. ಬಾಗಿಲಿನ ಪಟ್ಟಿಯಲ್ಲಿ ಪೂರ್ತಿ ಭಾರಕ್ಕೆ ಹೇಳಿದ ಒತ್ತಡವನ್ನೇ ಇಡಿ. ಸೈಡ್‌ವಾಲಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ದಿನನಿತ್ಯದ ಒತ್ತಡವೆಂದು ತಿಳಿಯಬಾರದು.

ಅಳೆಯುವುದು ಬೆಳಿಗ್ಗೆ, ವಾಹನ ಹೊರಡುವ ಮೊದಲು. 60 ಪಿಎಸ್‌ಐ ಇರುವ ಟೈರಿನಲ್ಲಿ ಒಳಗಿನ ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು ಎರಡೂವರೆ ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಪೆಟ್ರೋಲ್ ಬಂಕಿನಲ್ಲಿ ಬಿಸಿ ಟೈರನ್ನು ಅಳೆದು, ಹೆಚ್ಚಾಗಿದೆ ಎಂದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಅದು ಕಡಿಮೆಯಾಗಿರುತ್ತದೆ. ಬಂಕಿನ ಮೀಟರುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. 100 ಪಿಎಸ್‌ಐವರೆಗೆ ತೋರಿಸುವ ಸ್ವಂತ ಗೇಜು ಡ್ಯಾಶ್‌ಬೋರ್ಡಿನಲ್ಲಿರಲಿ.

ಹಂತ 10: ಲೆಕ್ಕದ ಪುಸ್ತಕ

ಪ್ರತಿ 8,000ದಿಂದ 10,000 ಕಿಲೋಮೀಟರಿಗೊಮ್ಮೆ ಮುಂದಿನ ಹಿಂದಿನ ಟೈರುಗಳನ್ನು ಬದಲಾಯಿಸಿ. ತಿರುಗುವ ದಿಕ್ಕಿನ ಬಾಣವಿರುವ ಟೈರನ್ನು ಅದೇ ಬದಿಯಲ್ಲಿಯೇ ಹಿಂದೆ ಮುಂದೆ ಮಾಡಬೇಕು. ಹಿಂದೆ ಜೋಡಿ ಚಕ್ರಗಳಿರುವ ವಾಹನದಲ್ಲಿ ಜೋಡಿಯ ಎರಡೂ ಟೈರುಗಳ ಸುತ್ತಳತೆ ಸಮನಾಗಿರುವಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ದೊಡ್ಡದು ಎಲ್ಲ ಭಾರವನ್ನೂ ಹೊತ್ತು ಚಿಕ್ಕದು ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುತ್ತದೆ.

ಬಟನ್ ಆಳ ಅಳೆಯುವ ಗೇಜು ದುಬಾರಿಯಲ್ಲ. ಹಾಕಿದ ದಿನ ಮತ್ತು 5,000 ಕಿಲೋಮೀಟರಿನ ನಂತರ ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಅಳೆದು ಬರೆದಿಡಿ. ಹೊಸದರಲ್ಲಿ 9 ಮಿ.ಮೀ. ಇತ್ತೆಂದರೆ ಕಾನೂನಿನ ಮಿತಿಯಾದ 1.6 ಕಳೆದು ಬಳಕೆಗೆ ಸಿಗುವುದು 7.4. ಮೊದಲ 5,000ದಲ್ಲಿ 0.8 ಸವೆದಿದ್ದರೆ ಒಟ್ಟು ಸುಮಾರು 46,000 ಕಿಲೋಮೀಟರು ಬರುತ್ತದೆ. ಟೈರಿನ ಬೆಲೆಯನ್ನು ಇದರಿಂದ ಭಾಗಿಸಿದರೆ ಕಿಲೋಮೀಟರಿನ ನಿಜವಾದ ಖರ್ಚು ಸಿಗುತ್ತದೆ. ಮೂರು ಅಳತೆಗಳ ನಡುವೆ 1 ಮಿ.ಮೀ. ವ್ಯತ್ಯಾಸ ಕಂಡ ಕೂಡಲೇ ಅಲೈನ್‌ಮೆಂಟಿಗೆ ಹೋಗಿ, ಏಕೆಂದರೆ ಕಿವಿಗೆ ಸದ್ದು ಕೇಳಿಸುವಷ್ಟರಲ್ಲಿ ಸವೆತ ಬಹಳ ಮುಂದೆ ಹೋಗಿರುತ್ತದೆ, ಹಾಗೆ ಸವೆದ ಟೈರನ್ನು ಮತ್ತೆ ಸಮ ಮಾಡಲು ಬರುವುದಿಲ್ಲ.

ಸದ್ದಿನ ಲೆಕ್ಕವನ್ನೂ ಇಡಬಹುದು. ಒಂದೇ ರಸ್ತೆಯ ಒಂದೇ ತುಂಡಿನಲ್ಲಿ, ಗಾಜು ಏರಿಸಿ, ಎಸಿ ಆರಿಸಿ, 60ರ ಸಮವೇಗದಲ್ಲಿ ಹೋಗುವಾಗ ಹಿಂದಿನ ಸೀಟಿನಲ್ಲಿ ಕುಳಿತವರೊಬ್ಬರು ಮೊಬೈಲಿನ ಶಬ್ದ ಅಳೆಯುವ ಆ್ಯಪಿನಿಂದ ಒಂದು ನಿಮಿಷದ ಸರಾಸರಿಯನ್ನು ತೆಗೆದುಕೊಳ್ಳಲಿ. ಮೊಬೈಲು ತೋರಿಸುವ ಸಂಖ್ಯೆ ಕರಾರುವಾಕ್ಕಾಗಿ ಇರುವುದಿಲ್ಲವಾದರೂ ಅದೇ ಮೊಬೈಲಿನಿಂದ ಹಳೆಯ ಟೈರಿನಲ್ಲಿ, ಹೊಸ ಟೈರಿನಲ್ಲಿ, ಮತ್ತೆ ಪ್ರತಿ 10,000 ಕಿಲೋಮೀಟರಿಗೆ ಅಳೆದ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದರೆ, ಮುಂದಿನ ಸಲ ಟೈರು ಕೊಳ್ಳಲು ಹೋಗುವಾಗ ಆ ಪುಟವನ್ನು ಜೇಬಿನಲ್ಲಿಟ್ಟುಕೊಂಡು ಹೋಗಬಹುದು.